ಕಾಯಿಲೆ ಮೊದಲು, ವಿಮೆ ಆಮೇಲೆ: ಬದಲಾದ ನಿಯಮ ಯಾರ ಕೈ ಹಿಡಿಯಿತು?

(ಮೈಸೂರಿನಲ್ಲಿ ಹಿರಿಯರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದಿನಾ ಬಿಪಿ ಮಾತ್ರೆ ನುಂಗುವವರು, ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು, ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ಹಾಕಿಕೊಳ್ಳುವವರು ಕೈ ಎತ್ತಿ ಅಂದೆ. ಕೈ ಎತ್ತದವರನ್ನು ಎಣಿಸುವುದೇ ಸುಲಭವಾಯಿತು. ಇಡೀ ದೇಶದ ಲೆಕ್ಕವೂ ಇದಕ್ಕಿಂತ ಬಹಳ ದೂರ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ರಕ್ತದೊತ್ತಡ ಇರುವವರು 31 ಕೋಟಿಗೂ ಹೆಚ್ಚು. ಅಂದರೆ ವಿಮಾ ಕಂಪನಿ ಯಾರನ್ನು 'ಮೊದಲೇ ಕಾಯಿಲೆ ಇದ್ದವರು' ಎಂದು ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೋ, ಅವರು ಯಾವುದೋ ಮೂಲೆಯ ಸಣ್ಣ ಗುಂಪಲ್ಲ. ನಮ್ಮ ನಿಮ್ಮ ಮನೆಯವರು.

ಪಾಲಿಸಿಯ ಭಾಷೆಯಲ್ಲಿ ಈ ಸಾಲಿಗೆ ಸೇರುವುದು ಹೇಗೆ ಅನ್ನುವುದನ್ನು ಮೊದಲು ತಿಳಿದುಕೊಳ್ಳೋಣ. ಪಾಲಿಸಿ ಶುರುವಾಗುವ ದಿನಕ್ಕೆ ಹಿಂದಿನ 36 ತಿಂಗಳೊಳಗೆ ಡಾಕ್ಟರು ಗುರುತಿಸಿದ ಕಾಯಿಲೆ, ಅಥವಾ ಆ ಅವಧಿಯಲ್ಲಿ ಡಾಕ್ಟರು ಸಲಹೆ, ಚಿಕಿತ್ಸೆ ಕೊಟ್ಟ ಕಾಯಿಲೆ ಮೊದಲೇ ಇದ್ದ ಕಾಯಿಲೆ ಅನ್ನಿಸಿಕೊಳ್ಳುತ್ತದೆ. "ನನಗೆ ಬಿಪಿ ಬಂದು ಹದಿನೈದು ವರ್ಷವಾಯಿತು, ಮೂರು ವರ್ಷದ ಲೆಕ್ಕದಿಂದ ಆಚೆ ಹೋಯಿತಲ್ಲ" ಎಂದು ಒಬ್ಬರು ಕೇಳಿದರು. ಇಲ್ಲ ಸರ್, ಹೋಗುವುದಿಲ್ಲ. ನೀವು ನಿನ್ನೆಯೂ ಮಾತ್ರೆ ತೆಗೆದುಕೊಂಡಿದ್ದೀರಿ. ಚಿಕಿತ್ಸೆ ನಡೆಯುತ್ತಲೇ ಇದೆ. ಹಾಗಾಗಿ ಅದನ್ನು ಫಾರಂನಲ್ಲಿ ಬರೆಯಲೇಬೇಕು.

1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದಾಗ ಮೊದಲೇ ಇದ್ದ ಕಾಯಿಲೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಆಮೇಲೆ ಬಂದದ್ದು ಕಾಯುವ ಅವಧಿ, ಏಜೆಂಟರು ಹೇಳುವ ವೇಟಿಂಗ್ ಪೀರಿಯಡ್. ಇಷ್ಟು ವರ್ಷ ಪ್ರೀಮಿಯಂ ಕಟ್ಟುತ್ತಾ ಬನ್ನಿ, ಆಮೇಲೆ ಆ ಕಾಯಿಲೆಯ ಖರ್ಚನ್ನೂ ಕೊಡುತ್ತೇವೆ ಎಂಬ ಒಪ್ಪಂದ. ಬಹುಕಾಲ ಇದರ ಗರಿಷ್ಠ ಮಿತಿ 48 ತಿಂಗಳಿತ್ತು. 2013ರ ನಿಯಮಗಳು ಇನ್ನೊಂದು ದೊಡ್ಡ ಕೆಲಸ ಮಾಡಿದವು. ಪಾಲಿಸಿಯನ್ನು ಬದುಕಿರುವವರೆಗೂ ನವೀಕರಿಸಬಹುದು, ಕ್ಲೇಮ್ ಮಾಡಿದಿರಿ ಎಂಬ ಕಾರಣಕ್ಕೆ ಕಂಪನಿ ಕೈಬಿಡುವಂತಿಲ್ಲ ಎಂದಾಯಿತು. ಅಲ್ಲಿಯವರೆಗೆ ವಯಸ್ಸಾದ ಮೇಲೆ, ಅಂದರೆ ವಿಮೆ ಬೇಕೇ ಬೇಕಾದ ಹೊತ್ತಿಗೆ, ಪಾಲಿಸಿ ಕೈತಪ್ಪಿದವರು ಬಹಳ ಮಂದಿ.

ಈಗ 2024ರ ಬದಲಾವಣೆಗೆ ಬರೋಣ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹೊಸ ನಿಯಮಗಳನ್ನು 2024ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಕಾಯುವ ಅವಧಿಯ ಗರಿಷ್ಠ ಮಿತಿ 48 ತಿಂಗಳಿನಿಂದ 36ಕ್ಕೆ ಇಳಿಯಿತು. 65 ವರ್ಷದವರೆಗಿನವರಿಗಷ್ಟೇ ಹೊಸ ಪಾಲಿಸಿ ಕೊಟ್ಟರೆ ಸಾಕು ಎಂಬ ಹಳೆಯ ಚೌಕಟ್ಟು ಹೋಯಿತು. ಎಲ್ಲಾ ವಯಸ್ಸಿನವರಿಗೂ, ಮೊದಲೇ ಕಾಯಿಲೆ ಇದ್ದವರಿಗೂ ಹೊಂದುವ ಪಾಲಿಸಿಗಳನ್ನು ರೂಪಿಸಿ ಎಂದು ಕಂಪನಿಗಳಿಗೆ ಹೇಳಲಾಯಿತು. ಪೇಪರಿನಲ್ಲಿ ಇವೇ ದೊಡ್ಡ ಅಕ್ಷರದಲ್ಲಿ ಬಂದವು.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಸಣ್ಣ ಅಕ್ಷರದಲ್ಲಿ ಬಂತು. ಅದೇ ಮೊರಟೋರಿಯಂ. ಪಾಲಿಸಿಯನ್ನು ಕಡಿಯದೆ ಇಷ್ಟು ಕಾಲ ನಡೆಸಿಕೊಂಡು ಬಂದರೆ, ಆಮೇಲೆ ಕಂಪನಿ "ನೀವು ಆ ಕಾಯಿಲೆ ಹೇಳಿರಲಿಲ್ಲ" ಎಂಬ ನೆಪದಲ್ಲಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಮೊದಲು ಇದಕ್ಕೆ 8 ವರ್ಷ ಬೇಕಿತ್ತು, ಈಗ 5 ವರ್ಷ ಸಾಕು. ಮೋಸ ಮಾಡಿದ್ದನ್ನು ಕಂಪನಿ ಸಾಬೀತು ಮಾಡಿದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಇದು ಯಾಕೆ ಮುಖ್ಯ ಎಂದು ಗೊತ್ತಾಗಬೇಕಾದರೆ ಕ್ಲೇಮ್ ಹೇಗೆ ತಿರಸ್ಕಾರವಾಗುತ್ತದೆ ಎಂದು ನೋಡಬೇಕು. ರಾತ್ರಿ ಹೊತ್ತು ಎದೆನೋವು ಎಂದು ತಂದೆಯನ್ನು ಕರೆದುಕೊಂಡು ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು "ಶುಗರ್ ಇದೆಯಾ? ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಗಾಬರಿಯಲ್ಲಿ ಮಗ "ಒಂದು ಹತ್ತು ವರ್ಷ ಆಗಿರಬೇಕು" ಅನ್ನುತ್ತಾನೆ. ನಿಜವಾಗಿ ಐದೇ ವರ್ಷ ಆಗಿರುತ್ತದೆ. ಕೇಸ್ ಶೀಟಿನಲ್ಲಿ "ಕೆ/ಸಿ/ಓ ಡಿಎಂ, 10 ವರ್ಷ", ಅಂದರೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಎಂದು ಬೀಳುತ್ತದೆ. ಅದೇ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಹೋಗುತ್ತದೆ, ಅಲ್ಲಿಂದ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ, ಅಂದರೆ ಟಿಪಿಎ ಮೇಜಿಗೆ. ಪಾಲಿಸಿ ತೆಗೆದುಕೊಂಡು ಆರು ವರ್ಷವಾಗಿದ್ದರೆ, ಶುಗರ್ ಆಗಲೇ ಇತ್ತು, ನೀವು ಮುಚ್ಚಿಟ್ಟಿರಿ ಎಂದು ಹಿಂದೆ ಕಾಗದ ಬರುತ್ತಿತ್ತು. ಈಗ ಹಾಗಲ್ಲ. ಆರು ವರ್ಷ ಕಟ್ಟಿದವರ ಮೇಲೆ ಆ ಅಸ್ತ್ರ ನಡೆಯುವುದಿಲ್ಲ. ಆದರೆ ಎರಡೋ ಮೂರೋ ವರ್ಷವಷ್ಟೇ ಆಗಿರುವವರ ಮೇಲೆ ಇವತ್ತಿಗೂ ನಡೆಯುತ್ತದೆ. ಹಾಗಾಗಿ ಮನೆಯವರ ಕಾಯಿಲೆ ಯಾವಾಗ ಪತ್ತೆಯಾಯಿತು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು, ಮೊದಲ ಲ್ಯಾಬ್ ರಿಪೋರ್ಟಿನ ಜೊತೆ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಬಿಲ್ಲಿನ ಮೊತ್ತ ನೋಡುವ ಮೊದಲು ಆ ಸಾಲನ್ನು ಓದಿ. ತಪ್ಪಿದ್ದರೆ ಅಲ್ಲೇ, ಆ ಡಾಕ್ಟರ ಕೈಯಲ್ಲೇ ತಿದ್ದಿಸಿಕೊಳ್ಳಿ. ಮನೆಗೆ ಬಂದು ತಿಂಗಳಾದ ಮೇಲೆ ತಿದ್ದಿಸಲು ಹೋದರೆ ಅನುಮಾನವೇ ಹೆಚ್ಚಾಗುತ್ತದೆ.

ಫಾರಂ ತುಂಬುವಾಗ ಕಾಯಿಲೆ ಮುಚ್ಚಿಡಿ, ಐದು ವರ್ಷ ದಾಟಿದರೆ ಯಾರೂ ಕೇಳಲ್ಲ ಎಂದು ಕಿವಿಯಲ್ಲಿ ಹೇಳುವ ಏಜೆಂಟರಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಕ್ಲೇಮ್ ಐದು ವರ್ಷ ಕಾದು ಬರುವುದಿಲ್ಲ, ಮೊದಲ ವರ್ಷವೇ ಬರಬಹುದು. ಬೇಕೆಂದೇ ಮುಚ್ಚಿಟ್ಟಿದ್ದನ್ನು ಮೋಸ ಎಂದು ಕಂಪನಿ ವಾದಿಸಬಹುದು. ಪಾಲಿಸಿಯೇ ರದ್ದಾದರೆ ಇನ್ನೊಂದು ಕಂಪನಿಯ ಫಾರಂನಲ್ಲಿ "ಹಿಂದೆ ಪಾಲಿಸಿ ರದ್ದಾಗಿತ್ತೇ" ಎಂಬ ಪ್ರಶ್ನೆಗೆ ಹೌದು ಎಂದು ಬರೆಯಬೇಕಾಗುತ್ತದೆ. ಮೂರು ವರ್ಷ ಕಾಯುವುದು ಕಷ್ಟ ನಿಜ. ಆದರೆ ನಿಜ ಹೇಳಿ ಕಾದವರಿಗೆ ಕಾನೂನಿನ ಬಲ ಇರುತ್ತದೆ.

ಆ ಬಲ ಎಷ್ಟು ಎಂಬುದಕ್ಕೆ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸಾಕ್ಷಿ. ಪೀಠದಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಇದ್ದರು. ಸಕ್ಕರೆ ಕಾಯಿಲೆ ಇದ್ದ ಒಬ್ಬರು ಅದನ್ನು ಹೇಳಿಯೇ ಪ್ರಯಾಣದ ಆರೋಗ್ಯ ವಿಮೆ ಮಾಡಿಸಿಕೊಂಡು 2009ರಲ್ಲಿ ಅಮೆರಿಕಕ್ಕೆ ಹೊರಟರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಬೆವರು, ಸುಸ್ತು. ಹೃದಯಾಘಾತವಾಗಿತ್ತು, ಸ್ಟೆಂಟ್ ಹಾಕಬೇಕಾಯಿತು. ಮೊದಲೇ ಇದ್ದ ಕಾಯಿಲೆ, ಪೂರ್ತಿ ಹೇಳಿಲ್ಲ ಎಂದು ಕಂಪನಿ ಕ್ಲೇಮ್ ನಿರಾಕರಿಸಿತು. ಕಾಯಿಲೆ ಇದೆ ಎಂದು ತಿಳಿದು, ಅದನ್ನು ಅಳೆದು ತೂಗಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯನ್ನು ಮುಂದಿಟ್ಟುಕೊಂಡು ದುಡ್ಡು ಕೊಡುವುದಿಲ್ಲ ಅನ್ನುವಂತಿಲ್ಲ ಎಂದು ಕೋರ್ಟ್ ಹೇಳಿತು. ಹೇಳಿ ಬರೆದದ್ದೇ ಅವರನ್ನು ಕಾಪಾಡಿತು. ಆದರೆ 2009ರ ಕ್ಲೇಮಿಗೆ 2021ರಲ್ಲಿ ನ್ಯಾಯ. ಅಷ್ಟು ವರ್ಷ ಕೋರ್ಟಿಗೆ ಅಲೆಯುವ ಶಕ್ತಿ ಎಷ್ಟು ಮಂದಿಗಿದೆ?

ಈ ತೀರ್ಪು ನಮ್ಮ ಊರಿನವರಿಗೆ ತೀರಾ ಹತ್ತಿರದ್ದು. ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೆ ಎಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಮೈಸೂರಿನಲ್ಲಿ ಎಷ್ಟು ಜನ! ಅಮೆರಿಕದಲ್ಲಿ 2010ರ ಕಾನೂನಿನಂತೆ, 2014ರಿಂದ ಅಲ್ಲಿನ ವಿಮಾ ಕಂಪನಿಗಳು ಮೊದಲೇ ಕಾಯಿಲೆ ಇದ್ದವರಿಗೆ ಪಾಲಿಸಿ ನಿರಾಕರಿಸುವಂತಿಲ್ಲ, ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ. ಮಕ್ಕಳು ಅದನ್ನೇ ನೆನಪಿಟ್ಟುಕೊಂಡು ಅಪ್ಪ ಅಮ್ಮನಿಗೂ ಅಲ್ಲಿ ಹಾಗೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಪ್ರವಾಸಿಗರಿಗೆ ಮಾರುವ ಅಲ್ಪಾವಧಿ ವಿಮೆಗೆ ಆ ಕಾನೂನು ಅನ್ವಯಿಸುವುದಿಲ್ಲ. ಅವುಗಳಲ್ಲಿ ಮೊದಲೇ ಇದ್ದ ಕಾಯಿಲೆ ಸಾಮಾನ್ಯವಾಗಿ ಹೊರಗೇ ಇರುತ್ತದೆ. ಕೆಲವು ಪಾಲಿಸಿಗಳು, ಆ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಮಾತ್ರ, ಅದೂ ವಯಸ್ಸಿನ ಮತ್ತು ಮೊತ್ತದ ಮಿತಿಯೊಳಗೆ ಕೊಡುತ್ತವೆ. ಟಿಕೆಟ್ ಬುಕ್ ಮಾಡುವ ಮೊದಲು ಆ ಒಂದು ಪುಟವನ್ನು ಮಕ್ಕಳಿಂದ ಓದಿಸಿ.

ಮತ್ತೆ ನಮ್ಮ ದೇಶಕ್ಕೆ ಬರುತ್ತೇನೆ. ಮನಸ್ಸಿಗೆ ಕೊರೆಯುತ್ತಿರುವುದನ್ನು ಹೇಳಬೇಕು. ನಾನು ಈವರೆಗೆ ಹೇಳಿದ ಅನುಕೂಲಗಳೆಲ್ಲ ಪಾಲಿಸಿ ಸಿಕ್ಕವರಿಗೆ. ಸಿಗದವರ ಕತೆ ಬೇರೆಯೇ ಇದೆ. ಎಲ್ಲಾ ಬಗೆಯವರಿಗೂ ಪಾಲಿಸಿ ರೂಪಿಸಿ ಎಂದು ಪ್ರಾಧಿಕಾರ ಹೇಳಿದೆ ನಿಜ. ಆದರೆ ಫಾರಂ ಹಾಕಿದ ಪ್ರತಿಯೊಬ್ಬರಿಗೂ ಕೊಡಲೇಬೇಕು ಎಂದು ಎಲ್ಲೂ ಕಟ್ಟಿಹಾಕಿಲ್ಲ. ಒಮ್ಮೆ ಬೈಪಾಸ್ ಆದವರು, ಕ್ಯಾನ್ಸರ್ ಗೆದ್ದು ಬಂದವರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ಫಾರಂ ಹಾಕಿದರೆ ಕಂಪನಿ ತನ್ನ ಲೆಕ್ಕಾಚಾರದ ಪ್ರಕಾರ ಬೇಡ ಅನ್ನಬಹುದು. ಒಪ್ಪಿದರೂ ಲೋಡಿಂಗ್ ಎಂದು ಪ್ರೀಮಿಯಂ ಏರಿಸಬಹುದು. ಪಾಲಿಸಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಪೋರ್ಟಬಿಲಿಟಿ ಬಂದು 2011ರಿಂದ ಇಲ್ಲಿಯವರೆಗೆ ಎಷ್ಟೋ ವರ್ಷವಾಯಿತು. ಕಾದ ಅವಧಿಯನ್ನು ಹೊಸ ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸರಿ. ಆದರೆ ನಿಮ್ಮನ್ನು ತೆಗೆದುಕೊಳ್ಳಬೇಕೋ ಬೇಡವೋ ಎನ್ನುವುದು ಆ ಕಂಪನಿಗೇ ಬಿಟ್ಟದ್ದು. ಕಾಯುವ ಅವಧಿ ಒಂದು ವರ್ಷ ಕಮ್ಮಿಯಾಯಿತು, ಬಾಗಿಲಲ್ಲಿ ನಿಂತವರು ಬಾಗಿಲಲ್ಲೇ ಉಳಿದರು.

ಒಳಗಿದ್ದವರನ್ನು ಪ್ರೀಮಿಯಂ ಹೊರಗೆ ತಳ್ಳುತ್ತಿದೆ. 2025ರ ಜನವರಿಯಲ್ಲಿ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಬೇಕಾದರೆ ಮೊದಲು ನಮ್ಮ ಜೊತೆ ಚರ್ಚಿಸಿ ಎಂದಿತು. ಒಳ್ಳೆಯದೇ. ಆದರೆ ವರ್ಷ ವರ್ಷ 10% ಏರಿದರೂ ಏಳೆಂಟು ವರ್ಷದಲ್ಲಿ ಪ್ರೀಮಿಯಂ ಎರಡರಷ್ಟಾಗುತ್ತದೆ, ಪಿಂಚಣಿ ಹಾಗೆ ಏರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ 18% ಜಿಎಸ್‌ಟಿ ತೆಗೆದದ್ದು ಒಂದು ಸಮಾಧಾನ.

"ಹಾಗಾದರೆ ಎಲ್ಲರಿಗೂ ಕೊಡಲೇಬೇಕು ಎಂದು ಕಾನೂನು ಮಾಡಿದರೆ ಆಯಿತಲ್ಲ" ಎಂದು ಮುಂದಿನ ಸಾಲಿನ ಅಮ್ಮ ಒಬ್ಬರು ಕೇಳಿದರು. ನನಗೂ ಅದೇ ಆಸೆ. ಆದರೆ ಅದೊಂದನ್ನೇ ಮಾಡಿದರೆ ನಿಲ್ಲುವುದಿಲ್ಲ. ಊರ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುತ್ತೇವೆ. ಆ ವರ್ಷ ಉಣ್ಣಲು ಬರುವವರು ಮಾತ್ರ ಕೊಡಲಿ ಎಂದರೆ ವಂತಿಗೆ ತಲೆಗೆ ಸಾವಿರಗಟ್ಟಲೆ ಆಗುತ್ತದೆ, ಬಡವರು ಹಿಂದೆ ಸರಿಯುತ್ತಾರೆ, ಮರುವರ್ಷ ಜಾತ್ರೆಯೇ ನಿಲ್ಲುತ್ತದೆ. ಕಾಯಿಲೆ ಬಂದ ಮೇಲೂ ಪಾಲಿಸಿ ಸಿಗುತ್ತದೆ ಎಂದಾದರೆ ಗಟ್ಟಿಮುಟ್ಟಾಗಿರುವವರು ಈಗಲೇ ಯಾಕೆ ಕಟ್ಟಬೇಕು ಎಂದು ಸುಮ್ಮನಿರುತ್ತಾರೆ. ಇದಕ್ಕೇ ಅಮೆರಿಕದ ಕಾನೂನಿನಲ್ಲಿ ಮೂರನ್ನು ಒಟ್ಟಿಗೆ ಕಟ್ಟಿದ್ದರು. ಕಂಪನಿ ನಿರಾಕರಿಸುವಂತಿಲ್ಲ, ಜನ ವಿಮೆ ಮಾಡಿಸದಿದ್ದರೆ ದಂಡ, ಆದಾಯ ಕಡಿಮೆ ಇದ್ದವರಿಗೆ ಪ್ರೀಮಿಯಂನಲ್ಲಿ ಸರ್ಕಾರದ ಸಹಾಯ. 2017ರಲ್ಲಿ ಆ ಕಾನೂನಿನ ಭಾಗಗಳನ್ನು ಕಿತ್ತುಹಾಕುವ ಪ್ರಯತ್ನ ನಡೆದು, ಜುಲೈನಲ್ಲಿ ಸೆನೆಟ್‌ನಲ್ಲಿ 49-51 ಮತಗಳಿಂದ ಬಿದ್ದುಹೋಯಿತು. ಅಂದರೆ ಲಕ್ಷಾಂತರ ರೋಗಿಗಳ ರಕ್ಷಣೆ ಕೆಲವೇ ಮತಗಳ ಅಂತರದಲ್ಲಿ ನಿಂತಿತ್ತು. ದಂಡವನ್ನು 2019ರಿಂದ ಸೊನ್ನೆ ಮಾಡಿದರು. ಆದರೂ ವ್ಯವಸ್ಥೆ ಕುಸಿಯಲಿಲ್ಲ, ಸರ್ಕಾರದ ಸಹಾಯಧನ ಆರೋಗ್ಯವಂತರನ್ನೂ ಒಳಗೇ ಉಳಿಸಿಕೊಂಡಿತು. ಹೆದರಿಸುವುದಕ್ಕಿಂತ ಕೈಗೆಟುಕುವಂತೆ ಮಾಡುವುದೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ಇದರಿಂದ ತಿಳಿದುಕೊಂಡೆ.

ಇದಕ್ಕಾಗಿ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. 2003ರಲ್ಲಿ ನಮ್ಮ ರಾಜ್ಯದಲ್ಲೇ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾಯಿತು. ಡಾ. ದೇವಿ ಶೆಟ್ಟಿಯವರ ಕಲ್ಪನೆ, ಸಹಕಾರ ಇಲಾಖೆಯ ಬಲ. ಸಹಕಾರ ಸಂಘಗಳ ಸದಸ್ಯರಾಗಿದ್ದ ರೈತರು ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿದರು, ಸರ್ಕಾರ ತನ್ನ ಪಾಲು ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. "ನಿನಗೆ ಹೃದಯದ ಕಾಯಿಲೆ ಮೊದಲೇ ಇತ್ತಾ" ಎಂದು ಕೇಳಿ ಯಾರನ್ನೂ ಹೊರಗಿಡಲಿಲ್ಲ. ಅದು ಹೇಗೆ ಸಾಧ್ಯವಾಯಿತು? ಹಾಲಿನ ಡೇರಿಗೆ ಹಾಲು ಹಾಕುವ, ಸೊಸೈಟಿಯಲ್ಲಿ ಸಾಲ ತೆಗೆದುಕೊಳ್ಳುವ ಊರಿನವರೆಲ್ಲ ಒಟ್ಟಾಗಿ ಬಂದದ್ದರಿಂದ. ರೋಗಿಗಳು ಮಾತ್ರ ಆರಿಸಿಕೊಂಡು ಬಂದಿರಲಿಲ್ಲ. ಆ ಯೋಜನೆಗೂ ಕಷ್ಟಗಳು ಬಂದವು. 2018ರಲ್ಲಿ ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಹೋಯಿತು. ಆಮೇಲೆ ಸಹಕಾರಿಗಳ ಒತ್ತಾಯದಿಂದ ಮತ್ತೆ ಜೀವ ಪಡೆಯಿತು. ಸಹಕಾರ ಸಂಘದ ಸದಸ್ಯತ್ವ ಇರುವವರು, ನೋಂದಣಿ ಯಾವಾಗ ಎಂದು ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ನೋಂದಣಿಯ ದಿನ ತಪ್ಪಿದರೆ ಆ ವರ್ಷ ತಪ್ಪಿದ ಹಾಗೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕವೂ ಇದೇ ದಾರಿಯದು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಸರ್ಕಾರ ಆ ಚಿಕಿತ್ಸೆಗೆ ನಿಗದಿ ಮಾಡಿದ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಕಾಯುವ ಅವಧಿ ಇಲ್ಲ, ಮೊದಲ ದಿನದಿಂದಲೇ ಎಲ್ಲ ಹಳೆಯ ಕಾಯಿಲೆಯೂ ಒಳಗೆ. ಇದು ದೊಡ್ಡ ಮಾತು, ನಾವು ಇದನ್ನು ಬೇಗ ಮರೆಯುತ್ತೇವೆ. ತೊಡಕು ಇರುವುದು ಬೇರೆ ಕಡೆ. ತುರ್ತು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ತೆಗೆದುಕೊಂಡು ಖಾಸಗಿಗೆ ಹೋಗಬೇಕು. ಗೊತ್ತಿಲ್ಲದೆ ನೇರ ಖಾಸಗಿಗೆ ಹೋಗಿ ಪೂರ್ತಿ ಬಿಲ್ಲು ಕಟ್ಟಿದವರು ಬಹಳ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂದು ಒಬ್ಬರು ಇರುತ್ತಾರೆ. ಅಡ್ಮಿಟ್ ಆಗುವ ಮೊದಲೇ ಅವರನ್ನು ಹುಡುಕಿ ಮಾತಾಡಿ. 70 ವರ್ಷ ತುಂಬಿದವರಿಗೆ ಆದಾಯ ನೋಡದೆ ಕೊಡುವ, 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಾರ್ಡಿನ ಬಗ್ಗೆಯೂ, ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಅವರ ಹತ್ತಿರವೇ ಕೇಳಿ.

ಬಿಪಿಎಲ್ ಕಾರ್ಡೂ ಇಲ್ಲ, ಕಂಪನಿಯ ವಿಮೆಯೂ ಇಲ್ಲ, ದುಬಾರಿ ಪ್ರೀಮಿಯಂ ಕಟ್ಟುವ ಶಕ್ತಿಯೂ ಇಲ್ಲ. ಇಂಥವರು ದೇಶದಲ್ಲಿ ಸುಮಾರು 30%, ಅಂದರೆ 40 ಕೋಟಿ ಎಂದು ನೀತಿ ಆಯೋಗವೇ 2021ರಲ್ಲಿ ಲೆಕ್ಕ ಹಾಕಿತ್ತು. ಚಿಕ್ಕ ಅಂಗಡಿ ಇಟ್ಟವರು, ಆಟೋ ಓಡಿಸುವವರು, ಟೈಲರುಗಳು, ಖಾಸಗಿ ಶಾಲೆಯ ಮೇಷ್ಟ್ರುಗಳು. ಇವರಲ್ಲಿ ಶುಗರ್ ಬಂದವರಿಗೆ 2024ರ ನಿಯಮದಿಂದ ಏನು ಸಿಕ್ಕಿತು? ಪಾಲಿಸಿ ಕೊಳ್ಳಲು ಆಗದವರಿಗೆ ಕಾಯುವ ಅವಧಿ ಮೂರು ವರ್ಷವಾದರೇನು, ನಾಲ್ಕಾದರೇನು? ಇವರನ್ನು ಯಶಸ್ವಿನಿಯ ಹಾಗೆ ಗುಂಪುಗುಂಪಾಗಿ, ಅವರವರ ಸಂಘಗಳ ಮೂಲಕ, ಒಂದಷ್ಟು ಪಾಲು ಅವರಿಂದಲೇ ಕಟ್ಟಿಸಿಕೊಂಡು ಒಳಗೆ ತರಬೇಕು. ನೀತಿ ಬದಲಾಗಬೇಕಾದದ್ದು ಇಲ್ಲಿ. ನಾನು ಇದನ್ನು ಎಲ್ಲಾ ವೇದಿಕೆಯಲ್ಲೂ ಹೇಳುತ್ತೇನೆ, ನೀವೂ ನಿಮ್ಮ ಶಾಸಕರು ಸಿಕ್ಕಾಗ ಹೇಳಿ.

ಕೊನೆಗೆ ಎದ್ದ ಪ್ರಶ್ನೆ ಒಬ್ಬ ತಾಯಿಯದು. ಮಗನಿಗೆ ಚಿಕ್ಕಂದಿನಿಂದ ಟೈಪ್ 1 ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಸದ್ಯಕ್ಕೆ ತಂದೆಯ ಆಫೀಸಿನ ಗ್ರೂಪ್ ವಿಮೆಯಲ್ಲಿದ್ದಾನೆ, ಮುಂದೇನು ಎಂದು ಕೇಳಿದರು. ಅಮ್ಮಾ, ಗ್ರೂಪ್ ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಸಿಗುತ್ತದೆ, ಅದಕ್ಕೇ ಈಗ ನಿಮಗೆ ಕಷ್ಟ ಗೊತ್ತಾಗಿಲ್ಲ. ಆದರೆ ಮಕ್ಕಳಿಗೆ ಅದರಲ್ಲಿ ವಯಸ್ಸಿನ ಮಿತಿ ಇರುತ್ತದೆ, ಬಹಳ ಕಡೆ 25. ನಿಮ್ಮ ಯಜಮಾನರ ನಿವೃತ್ತಿ ಅದಕ್ಕಿಂತ ಮೊದಲೇ ಬರಬಹುದು. ಗ್ರೂಪಿನಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅಷ್ಟು ವರ್ಷ ಒಳಗಿದ್ದದ್ದೂ ಲೆಕ್ಕಕ್ಕೆ ಬರುತ್ತದೆ. ಗ್ರೂಪ್ ಮುಗಿದ ಮೇಲೆ ಕೇಳಿದರೆ ಆ ಲೆಕ್ಕ ಕಡಿದುಹೋಗುತ್ತದೆ. ಹಾಗಾಗಿ ಮುಗಿಯುವ ದಿನಕ್ಕೆ ಒಂದೂವರೆ ತಿಂಗಳು ಇರುವಾಗಲೇ ಎಚ್‌ಆರ್‌ಗೂ ವಿಮಾ ಕಂಪನಿಗೂ ಇಮೇಲ್‌ನಲ್ಲೇ ಬರೆಯಿರಿ, ಫೋನಿನಲ್ಲಿ ಕೇಳಿ ಬಿಡಬೇಡಿ. ಬೇಡ ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಆ ಕಾಗದದ ಮೇಲೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ಗೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಂಬುಡ್ಸ್‌ಮನ್ ಹತ್ತಿರ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಹುಡುಗನ ಮೊದಲ ರಿಪೋರ್ಟ್, ಪ್ರತಿ ವರ್ಷದ ಗ್ರೂಪ್ ವಿಮೆಯ ಕಾರ್ಡು, ಎಲ್ಲದರ ಪ್ರತಿಯನ್ನು ಈ ವಾರವೇ ಒಂದು ಫೈಲಿಗೆ ಹಾಕಿಡಿ. ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇನೆ, ಆ ಇಮೇಲನ್ನು ಇಬ್ಬರೂ ಕೂತು ಬರೆಯೋಣ.